ಐರ್ಲೆಂಡಿಗೆ ಹೋಗಿಬಂದ ಹರಿಹರದ ಚಮಚ

ಚಮಚದ ಹಿಡಿಕೆಗೆ ಸೈಕಲ್ ಟ್ಯೂಬನ್ನು ಐದು ಸುತ್ತು ಸುತ್ತಲಾಗಿತ್ತು. ಐದನೆಯ ಸುತ್ತಿನ ತುದಿಯನ್ನು ಕಪ್ಪು ದಾರದಿಂದ ಹೊಲಿಯಲಾಗಿತ್ತು. ಚಮಚದ ಕತ್ತು ಎಡಕ್ಕೆ ಬಾಗಿತ್ತು. ಮೇಜಿನ ಮೇಲಿಟ್ಟರೆ ಪಕ್ಕದವರ ತಟ್ಟೆಯನ್ನು ನೋಡುತ್ತಿದೆಯೇನೋ ಅನ್ನಿಸುವಷ್ಟು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೇನಮ್ಮ?"

"ಊಟದ ಚಮಚ."

"ಇದ್ರಲ್ಲಿ ಊಟ ಮಾಡ್ತೀರಾ?"

"ನಾನಲ್ಲ. ಹರಿಹರದ ಜೈತೂನ್‌ಬಿ ಅಂತ ಒಬ್ಬರು."

ಅವರು ನನ್ನ ಹಿಂದೆ ನೋಡಿದರು. ಹಿಂದೆ ನಿಂತಿದ್ದವರು ಟೈ ಕಟ್ಟಿದ ಒಬ್ಬ ಗಂಡಸು. ಏನು ತಿಳಿದುಕೊಂಡರೋ, ಚಮಚವನ್ನು ಚೀಲಕ್ಕೆ ಹಾಕಿ ಮುಂದೆ ತಳ್ಳಿದರು.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಆಕ್ಯುಪೇಷನಲ್ ಥೆರಪಿ ಕಲಿಸುತ್ತೇನೆ. ಕಾಯಿಲೆ ಬಿದ್ದವರಿಗೆ ಉಣ್ಣುವುದು, ಉಡುವುದು, ಅವರ ಕಸುಬು, ಹೀಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವ ವಿದ್ಯೆ ಇದು. ಜೈತೂನ್‌ಬಿ ಗಾದಿ ಹೊಲಿಯುವ ಮನೆತನದವರು, ಅರವತ್ತು ದಾಟಿದವರು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದಿತ್ತು. ಆರು ವಾರ ನಾನು ಅವರ ಮನೆಗೆ ಹೋಗಿ ಎಡಗೈಯಲ್ಲಿ ಉಣ್ಣುವುದನ್ನು ಕಲಿಸಿದ್ದೆ. ಚಮಚ ಬಾಗಿಸಿದ್ದು ನಾನು, ಟ್ಯೂಬು ಕೊಟ್ಟದ್ದು ಅವರ ಬೀದಿಯ ಸೈಕಲ್ ಅಂಗಡಿ. ನಮ್ಮಲ್ಲಿ ಊಟಕ್ಕೆ ಏಳು ಅಂಕದ ಅಳತೆ ಇದೆ. ತಾನೇ ಉಂಡರೆ ಏಳು, ಸಾಧನ ಹಿಡಿದು ತಾನೇ ಉಂಡರೆ ಆರು. ಇನ್ನೊಬ್ಬರ ಸಹಾಯ ಬೇಕಾದಂತೆ ಕೆಳಗಿಳಿಯುತ್ತದೆ, ಅರ್ಧಕ್ಕಿಂತ ತುಸು ಹೆಚ್ಚು ತಾನೇ ಮಾಡಿದರೆ ಮೂರು. ಜೈತೂನ್‌ಬಿಗೆ ಒಂದಿತ್ತು, ಆರಾಯಿತು. ನಮ್ಮ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುವವರು, ಅದನ್ನು ದೊಡ್ಡ ಪೋಸ್ಟರ್ ಮಾಡಿಸಿ ಕಾರಿಡಾರಿನಲ್ಲಿ ಹಾಕಿಸಿದರು. ಐರ್ಲೆಂಡಿನ ಒಂದು ವಿಶ್ವವಿದ್ಯಾಲಯದ ನಮ್ಮಂಥದೇ ವಿಭಾಗಕ್ಕೆ ಎರಡು ವಾರ ಒಬ್ಬರನ್ನು ಕಳಿಸುವ ಅವಕಾಶ ಬಂದಾಗ ನನ್ನನ್ನು ಕಳಿಸಿದ್ದೂ ಆ ಪೋಸ್ಟರಿನಿಂದಲೇ.

ಹೊರಡುವ ಮುಂಚೆ ಚಮಚ ಕೇಳಲು ಹರಿಹರಕ್ಕೆ ಹೋಗಿದ್ದೆ. ಜೈತೂನ್‌ಬಿ ಒಂದು ಕ್ಷಣವೂ ಯೋಚಿಸಲಿಲ್ಲ.

"ತಗಂಡು ಹೋಗ್ರಿ. ನಾವಂತೂ ನೋಡಲ್ಲ, ನಮ್ಮ ಚಮಚ ಆದ್ರೂ ಫಾರಿನ್ ನೋಡ್ಲಿ."

"ಇಂಥದೇ ಇನ್ನೊಂದು ಮಾಡಿಟ್ಟಿದ್ದೀನಿ. ಇವತ್ತೇ ಕಳಿಸ್ತೀನಿ."

"ಅವಸರ ಏನೂ ಇಲ್ಲ ಬೇಟಿ."

ಆ ಇನ್ನೊಂದು ಚಮಚ ನನ್ನ ಮೇಜಿನ ಖಾನೆಯಲ್ಲೇ ಉಳಿದಿದೆ, ಖಾನೆಯ ಕೀಲಿ ನನ್ನ ಪರ್ಸಿನಲ್ಲಿದೆ ಎಂಬುದು ವಿಮಾನ ಸಮುದ್ರದ ಮೇಲೆ ಬಂದಾಗ ಹೊಳೆಯಿತು. ಎರಡು ವಾರ ಅವರು ಹೇಗೆ ಉಣ್ಣುತ್ತಾರೆ? ಆಮೇಲೆ ತಂದಿಟ್ಟ ಊಟ ನನಗೂ ಸೇರಲಿಲ್ಲ.

ಮೊದಲ ದಿನ: ಕೆಂಪು ಹಗ್ಗ

ಊರಿನ ಹೆಸರು ಬರೆಯುವುದಿಲ್ಲ. ಐರ್ಲೆಂಡಿನ ಪಶ್ಚಿಮ ತೀರದ್ದು, ಗಾಳಿ ಜಾಸ್ತಿ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ, ಶಾಲೆಯ ಮಕ್ಕಳು ಕೂಡ. ನಾನು ಮೊದಲ ದಿನ ಹೇಳದೆ ಇಳಿದು, ಏನೋ ಕದ್ದವಳ ಹಾಗೆ ನಡೆದೆ.

ವಿಭಾಗದ ಮುಖ್ಯಸ್ಥೆ ಊನಾ. ನನ್ನ ತಾಯಿಯ ವಯಸ್ಸು. ನಾನು ಒಳಗೆ ಹೋದಾಗ ಅವರು ಸಿಂಕಿನ ಮುಂದೆ ನಿಂತು ವಿದ್ಯಾರ್ಥಿಗಳ ಚಹಾ ಲೋಟ ತೊಳೆಯುತ್ತಿದ್ದರು. ಕುರ್ಚಿಯಲ್ಲಿ ಕೂತ ಹುಡುಗಿಯೊಬ್ಬಳು, ಆಮೇಲೆ ಗೊತ್ತಾಯಿತು ಅವಳ ಹೆಸರು ಈಫಾ, ಮೂರನೆಯ ವರ್ಷದವಳು, "ಊನಾ, ನಿನ್ನೆಯ ನಿನ್ನ ಪಾಠ ಅರ್ಧ ನನಗೆ ಅರ್ಥವೇ ಆಗಲಿಲ್ಲ" ಎಂದಳು. ಹೆಸರು ಹಿಡಿದು, ಕೂತಲ್ಲಿಂದ. ಊನಾ ಕೈ ಒರೆಸಿಕೊಂಡು, "ಯಾವ ಅರ್ಧ?" ಎಂದು ಕೇಳಿ ಬರೆದುಕೊಂಡರು. ದಾವಣಗೆರೆಯಲ್ಲಿ ಮೇಡಂ ಕೂರುವವರೆಗೆ ನಾವು, ಅಂದರೆ ಪಾಠ ಹೇಳುವವರೂ, ಕೂರುವುದಿಲ್ಲ.

ವಿಭಾಗದೊಳಗೇ ಒಂದು ಪುಟ್ಟ ಮನೆ ಕಟ್ಟಿದ್ದಾರೆ. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ನಿಜವಾದದ್ದು. ರೋಗಿಗಳು ಅಲ್ಲಿ ಅಭ್ಯಾಸ ಮಾಡುತ್ತಾರೆ. ಆ ಬಚ್ಚಲಿಗೆ ಹೋದೆ. ಒಳಗೆ ಕತ್ತಲು. ಗೋಡೆಯಲ್ಲಿ ಸ್ವಿಚ್ಚಿಲ್ಲ, ಮೇಲಿನಿಂದ ಎರಡು ಹಗ್ಗ ಇಳಿಬಿದ್ದಿದ್ದವು, ಒಂದು ಬಿಳಿ, ಒಂದು ಕೆಂಪು, ಬಣ್ಣ ಕಂಡದ್ದು ಆಮೇಲೆ. ಕೈಗೆ ಸಿಕ್ಕ ಕೆಂಪನ್ನು ಎಳೆದೆ. ದೀಪ ಹತ್ತಲಿಲ್ಲ, ಎಲ್ಲೋ ದೂರ ಗಂಟೆ ಬಡಿಯತೊಡಗಿತು. ಅರ್ಧ ನಿಮಿಷದಲ್ಲಿ ಹೊರಗಿನಿಂದ ಚಿಲಕ ತಿರುಗಿ ಬಾಗಿಲು ತೆರೆಯಿತು. ಊನಾ, ಈಫಾ, ಅವರ ಹಿಂದೆ ಏಳೆಂಟು ಜನ. ಒಬ್ಬಳ ಕೈಯಲ್ಲಿ ಕಂಬಳಿ. ಬಿದ್ದವರು ಸಹಾಯಕ್ಕೆ ಎಳೆಯುವ ಹಗ್ಗವಂತೆ ಅದು. ನಾನು ಸದ್ಯ ನಿಂತೇ ಇದ್ದೆ, ದೀಪ ಹುಡುಕುತ್ತಾ. ಇಲ್ಲದಿದ್ದರೆ ಈ ಕಥನ ಬರೆಯುತ್ತಿರಲಿಲ್ಲ.

ಯಾರೂ ನಗಲಿಲ್ಲ. ಅದಕ್ಕಿಂತ ದೊಡ್ಡ ಆಘಾತ ಮಧ್ಯಾಹ್ನ ಕಾದಿತ್ತು. ಊನಾ ತರಗತಿಯಲ್ಲಿ, ನನ್ನ ಎದುರೇ, ಬೋರ್ಡಿನ ಮೇಲೆ "ನಮ್ಮ ಅತಿಥಿ ಕೆಂಪು ಹಗ್ಗ ಎಳೆದದ್ದು ಏಕೆ?" ಎಂದು ಬರೆದರು. ನೆಲ ಬಿರಿಯಬಾರದೇ ಎಂದುಕೊಂಡೆ. ವಿದ್ಯಾರ್ಥಿಗಳು ಇಪ್ಪತ್ತು ನಿಮಿಷ ಚರ್ಚಿಸಿದರು. ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ, ಎರಡು ಹಗ್ಗ ತೀರ ಹತ್ತಿರ ಇವೆ, ಹಿಡಿಗಳ ಆಕಾರ ಒಂದೇ ಥರ. ಕೊನೆಗೆ ಈಫಾ ಹೇಳಿದಳು: "ತಪ್ಪು ಹಗ್ಗದ್ದು." ಮರುದಿನ ಬಿಳಿ ಹಗ್ಗದ ತುದಿಗೆ ಒಂದು ಮರದ ಗುಂಡು ಬಂದಿತ್ತು. ನನ್ನ ದಡ್ಡತನವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದನ್ನು ಹೇಗೆ ಸ್ವೀಕರಿಸಬೇಕು ಎಂದು ತಿಳಿಯದೆ ಆ ಗುಂಡನ್ನು ದಿನಾ ನೋಡುತ್ತಿದ್ದೆ.

ಹರಿಹರಕ್ಕೆ ಫೋನ್ ಮಾಡಿದೆ. ಜೈತೂನ್‌ಬಿಯ ಸೊಸೆ ಶಾಹೀನ ಎತ್ತಿದಳು.

"ಊಟ ಹೆಂಗೆ ಮಾಡ್ತಿದಾರೆ ಶಾಹೀನ? ಚಮಚ ಕಳಿಸೋದು ಮರೆತೆ."

"ಉಣ್ತಾರೆ ಮೇಡಂ. ಚಿಂತಿ ಬ್ಯಾಡ."

"ಹೆಂಗೆ ಉಣ್ತಾರೆ?"

ಹಿಂದಿನಿಂದ ಜೈತೂನ್‌ಬಿ ಉರ್ದುವಿನಲ್ಲಿ ಏನೋ ಅಂದದ್ದು ಕೇಳಿಸಿತು. "ಉಣ್ತಾ ಅದಾರೆ ಬಿಡ್ರಿ," ಎಂದು ಶಾಹೀನ ಫೋನ್ ಇಟ್ಟಳು.

ಎರಡನೆಯ ಮಂಗಳವಾರ: ಚೀಲ ಹಾಕಿದ ಕೈ

ವರ್ಷಕ್ಕೊಮ್ಮೆ ಆ ವಿಭಾಗದಲ್ಲಿ ಒಂದು ದಿನ ಎಲ್ಲರೂ, ಅಧ್ಯಾಪಕರೂ ಗುಮಾಸ್ತರೂ ಸೇರಿ, ಬಲಗೈಗೆ ದಪ್ಪ ಬಟ್ಟೆಯ ಚೀಲ ಕಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಒಂದೇ ಕೈ. ಪ್ರತಿ ಕೆಲಸವನ್ನೂ ಒಂದು ಹಾಳೆಯಲ್ಲಿ ಗುರುತಿಸಬೇಕು. ನನಗೂ ಕಟ್ಟಿದರು.

ಬೆಳಗಿನ ಕೆಲಸಗಳು ಸುಲಭವಾಗಿ ಆದವು. ಈ ಪಾಠ ನಾನೇ ಹೇಳುವವಳಲ್ಲವೇ? ಎಡಗೈಯಲ್ಲಿ ಬಾಗಿಲು ತೆರೆದೆ, ಬರೆದೆ, ಕೋಟಿನ ಗುಂಡಿ ಹಾಕಿದೆ. ಊನಾ ಬೂಟಿನ ಲೇಸು ಕಟ್ಟಲಾಗದೆ ಒಂದು ಕಾಲು ಎಳೆಯುತ್ತಾ ನಡೆಯುತ್ತಿದ್ದರು.

ಮಧ್ಯಾಹ್ನ ಉದ್ದ ಮೇಜಿಗೆ ಕೂತೆವು. ಅನ್ನ, ಬಟಾಣಿ, ಆಲೂಗಡ್ಡೆ. ಹರಿಹರದ ಚಮಚವನ್ನೇ ಎಡಗೈಯಲ್ಲಿ ಹಿಡಿದೆ. ಅನ್ನ ತುಂಬಿದೆ. ಚಮಚ ಗಲ್ಲದವರೆಗೆ ಬಂತು. ಬಾಯಿ ತೆರೆಯಲಿಲ್ಲ.

ಇದನ್ನು ಹೇಗೆ ಹೇಳಲಿ? ಕೈಗೆ ಕಷ್ಟವಾಗಲಿಲ್ಲ. ಯಾರೂ ನನ್ನನ್ನು ನೋಡುತ್ತಲೂ ಇರಲಿಲ್ಲ. ಆದರೆ ಅದು ಎಡಗೈ. ನಾಲ್ಕು ವರ್ಷದವಳಿದ್ದಾಗ ಆ ಕೈಯಿಂದ ಬಾಳೆಹಣ್ಣು ತಿಂದದ್ದಕ್ಕೆ ಅಜ್ಜಿ ಬೆರಳ ಗೆಣ್ಣಿಗೆ ಹೊಡೆದಿದ್ದರು. ನಾನು ಚಮಚ ಕೆಳಗಿಟ್ಟೆ.

"ಹಸಿವಿಲ್ಲವಾ?" ಪಕ್ಕದಲ್ಲಿದ್ದ ಈಫಾ ಕೇಳಿದಳು.

"ಇಲ್ಲ."

ಆಮೇಲೆ ಬಚ್ಚಲಿಗೆ ಹೋಗಿ, ಬಿಳಿ ಹಗ್ಗ ಎಳೆದು, ಚೀಲ ಬಿಚ್ಚಿ, ಬ್ಯಾಗಿನಲ್ಲಿದ್ದ ಎರಡು ಬಿಸ್ಕತ್ತನ್ನು ಬಲಗೈಯಲ್ಲಿ ತಿಂದೆ. ಚೀಲವನ್ನು ಮತ್ತೆ ಕಟ್ಟಿಕೊಂಡೆ. ಹಾಳೆಯಲ್ಲಿ "ಊಟ: ಎಡಗೈಯಲ್ಲಿ, ಸಹಾಯವಿಲ್ಲದೆ" ಎಂದು ಬರೆದು ಕೊಟ್ಟೆ. ಅಕ್ಷರ ನೆಟ್ಟಗೆ ಬಂದಿತ್ತು.

ಗುರುವಾರ: ಬ್ರೀಡ್

ಗುರುವಾರ ನನ್ನ ಪೋಸ್ಟರಿನ ವಿಷಯವನ್ನು ಮಂಡಿಸುವುದಿತ್ತು. ಅಲ್ಲಿಯ ಪದ್ಧತಿ ಕೇಳಿ ನಾನು ನಂಬಿರಲಿಲ್ಲ: ಇಂಥ ಮಂಡನೆಗೆ ತೀರ್ಪು ಕೊಡುವುದು ಒಬ್ಬ ರೋಗಿ. ಅಧ್ಯಾಪಕರು ಪ್ರಶ್ನೆ ಕೇಳಬಹುದು, ಅಷ್ಟೇ. ರೋಗಿ "ಆಯಿತು" ಎಂದರೆ ಆಯಿತು, "ಇನ್ನೂ ಇಲ್ಲ" ಎಂದರೆ ಇಲ್ಲ.

ಅಂದಿನ ತೀರ್ಪುಗಾರ್ತಿ ಬ್ರೀಡ್, ಎಪ್ಪತ್ತರ ಹೆಂಗಸು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ಅವರದೂ ಬಲಗೈ ಹೋಗಿತ್ತು. ಒಳಗೂ ಮಳೆಯ ಕೋಟು ಬಿಚ್ಚದೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಇಂಗ್ಲಿಷು ಪದಗಳ ಕೊನೆ ನುಂಗುವ, ಊರ ಕಡೆಯ ಇಂಗ್ಲಿಷು. ಅದು ನನ್ನ ನೆನಪಿನಲ್ಲಿ ನಮ್ಮ ಹರಿಹರದ ಮಾತಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

ನಾನು ಒಂದರಿಂದ ಆರಕ್ಕೆ ಏರಿದ ಗೆರೆ ತೋರಿಸಿದೆ. ಚಮಚವನ್ನು ಕೈಯಿಂದ ಕೈಗೆ ದಾಟಿಸಿದೆ. ಕೊನೆಗೆ ಜೈತೂನ್‌ಬಿಯ ಫೋಟೋ: ಮಂಚದ ಮೇಲೆ ಕೂತು, ಸ್ಟೂಲಿನ ಮೇಲೆ ತಟ್ಟೆ ಇಟ್ಟುಕೊಂಡು ಎಡಗೈಯಲ್ಲಿ ಉಣ್ಣುತ್ತಿರುವುದು. ನಾನೇ ತೆಗೆದದ್ದು. ಚಮಚದ ಕೋನ ಸರಿಯಾಗಿ ಕಾಣಬೇಕೆಂದು ಮೂರು ಸಲ ತೆಗೆದಿದ್ದೆ.

ಬ್ರೀಡ್ ಚಮಚ ತಿರುಗಿಸಿ ನೋಡಿದರು. "ಚಮಚ ಚಲೋ ಮಾಡೀಯ."

"ಥ್ಯಾಂಕ್ಸ್."

"ಆದ್ರೆ ಈಕಿ ಗೋಡೆ ಕಡೆ ಮುಖ ಮಾಡಿ ಯಾಕ ಕುಂತಾಳೆ?"

ನಾನು ತಿರುಗಿ ಪರದೆ ನೋಡಿದೆ. ಆ ಫೋಟೋ ನಮ್ಮ ಕಾರಿಡಾರಿನಲ್ಲಿ ನಾಲ್ಕು ತಿಂಗಳಿಂದ ಇದೆ. ನಾನು ಪ್ರತಿದಿನ ಅದರ ಮುಂದೆ ಹಾದುಹೋಗುತ್ತೇನೆ. ಜೈತೂನ್‌ಬಿಯ ಬೆನ್ನಿನ ಹಿಂದೆ ನೆಲದ ಮೇಲೆ ಹಾಸಿದ ದಸ್ತರ್‌ಖಾನಿನ ಅಂಚು ಕಾಣುತ್ತಿತ್ತು, ಊಟಕ್ಕೆ ಹಾಸುವ ಹೂವಿನ ಬಟ್ಟೆ. ಒಂದು ಮಗುವಿನ ಮೊಣಕಾಲೂ ಇತ್ತು. ಮನೆಯವರೆಲ್ಲ ಅತ್ತ, ಅವರು ಇತ್ತ.

"ಅವರು ಆರು ಅಂಕ ಪಡೆದಿದ್ದಾರೆ," ಎಂದೆ.

"ಅದು ಕೇಳಿಸ್ತು. ಕಾಯ್ಲೆ ಬರಾಕಿಂತ ಮುಂಚೆ ಎಲ್ಲಿ ಕುಂತು ಉಣ್ತಿದ್ಲು?"

ನನಗೆ ಗೊತ್ತಿತ್ತು. ನನ್ನ ಮೊದಲ ದಿನದ ಟಿಪ್ಪಣಿಯಲ್ಲೇ ಇತ್ತು. "ನೆಲದ ಮೇಲೆ. ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ. ಒಂದೇ ದೊಡ್ಡ ತಾಟಿನಲ್ಲಿ, ನಾಲ್ವರೂ ಕೈಹಾಕಿ."

"ಈಗ ಯಾಕ ಅಲ್ಲಿಲ್ಲ?"

"ನಮ್ಮಲ್ಲಿ... ಎಡಗೈಯಲ್ಲಿ ಉಣ್ಣುವುದಿಲ್ಲ. ಎಲ್ಲರ ತಾಟಿಗೆ ಆ ಕೈ ಹಾಕುವುದಿಲ್ಲ."

"ಕಲಿಸೋವಾಗ ನಿಂಗೆ ಇದು ಗೊತ್ತಿತ್ತಾ?"

ಊನಾ ಬಾಯಿ ತೆರೆದರು. "ಸುಮ್ನಿರು ಊನಾ," ಎಂದರು ಬ್ರೀಡ್, ಅತ್ತ ನೋಡದೆಯೇ.

"ಗೊತ್ತಿತ್ತು," ಎಂದೆ.

"ನೀನು ಉಂಡೀಯಾ, ಆ ಕೈಯಾಗ?"

ಮೂವತ್ತು ಜನ ಕೂತಿದ್ದರು. ಈಫಾ ತನ್ನ ಪೆನ್ನನ್ನೇ ನೋಡುತ್ತಿದ್ದಳು. ಹಾಳೆ ಊನಾರ ಕಡತದಲ್ಲಿತ್ತು.

"ಇಲ್ಲ. ಮಂಗಳವಾರ ಹಾಳೆಯಲ್ಲಿ ಬರೆದದ್ದು ಸುಳ್ಳು."

ಬ್ರೀಡ್ ಚಮಚವನ್ನು ನನ್ನ ಕೈಗೆ ಕೊಟ್ಟರು. "ಇನ್ನೂ ಇಲ್ಲ," ಎಂದರು. ಊನಾ ಅದನ್ನು ಹಾಗೆಯೇ ಬರೆದುಕೊಂಡರು. ಯಾರೂ ಸಮಾಧಾನ ಹೇಳಲಿಲ್ಲ. ನಮ್ಮಲ್ಲಿ ರೋಗಿಯೊಬ್ಬರು ಅಧ್ಯಾಪಕಿಯನ್ನು ಅನುತ್ತೀರ್ಣಗೊಳಿಸಿದರೆ ಆ ರೋಗಿಯ ಗತಿ ಏನಾದೀತು ಎಂದು ಯೋಚಿಸಿದೆ. ಯೋಚಿಸಲು ಅದೊಂದೇ ಸುಲಭವಾಗಿತ್ತು.

ಆಮೇಲೆ ಹೊರಗಿನ ಬೆಂಚಿನಲ್ಲಿ ಬ್ರೀಡ್ ಪಕ್ಕ ಕೂತೆ. ಅವರು ಸಿಗರೇಟು ಹಚ್ಚಿಸಲು ಬೆಂಕಿಪೊಟ್ಟಣವನ್ನು ತೊಡೆಗಳ ನಡುವೆ ಸಿಕ್ಕಿಸಿ ಎಡಗೈಯಲ್ಲಿ ಗೀರಿದರು.

"ಇದು ಯಾರೂ ಕಲಿಸ್ಲಿಲ್ಲ," ಎಂದರು. "ಅವರು ಕಲಿಸಿದ್ದು ಆಲೂಗಡ್ಡೆ ಸುಲಿಯೋದು. ಗಡ್ಡೆ ಸಿಕ್ಕಿಸಾಕ ಮೊಳೆ ಹೊಡೆದ ಹಲಗಿ ಕೊಟ್ಟು, ಒಂದು ತಿಂಗ್ಳು. ನಮ್ಮನ್ಯಾಗ ಆಲೂಗಡ್ಡೆ ಸುಲಿಯೋದು ನನ್ ಗಂಡ. ನಾನು ಕಾಯ್ಲೆಗಿಂತ ಮುಂಚೇನೂ ಸುಲಿದಾಕಿ ಅಲ್ಲ."

"ಕಲಿಸಿದವರು ಯಾರು?"

ಅವರು ಗದ್ದ ಎತ್ತಿ ಕಿಟಕಿಯತ್ತ ತೋರಿಸಿದರು. ಒಳಗೆ ಊನಾ ಮತ್ತೆ ಲೋಟ ತೊಳೆಯುತ್ತಿದ್ದರು.

"ಆಕಿ ಬಲಗೈ ಪೂರಾ ಸತ್ತೈತಾ?" ಬ್ರೀಡ್ ಕೇಳಿದರು.

"ಇಲ್ಲ. ಹೆಬ್ಬೆರಳು, ಎರಡು ಬೆರಳು ಸ್ವಲ್ಪ ಬರುತ್ತವೆ. ಮೊಣಕೈ ಯಾರಾದರೂ ಎತ್ತಿ ಹಿಡಿಯಬೇಕು. ಅರ್ಧ ಚೆಲ್ಲುತ್ತದೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ."

"ಅವಸರ ಯಾರಿಗೆ?"

ಅವಸರ ನನ್ನದಾಗಿತ್ತು. ಚಮಚವನ್ನು ಬ್ಯಾಗಿಗೆ ಹಾಕಿಕೊಂಡೆ.

ದಾವಣಗೆರೆಯಿಂದ ಹರಿಹರಕ್ಕೆ

ಭಾನುವಾರ ಮನೆ ತಲುಪಿದೆ. ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯಲ್ಲಿ ಅಮ್ಮ, "ಏನು ತಂದೆ?" ಎಂದು ಕೇಳಿದರು. ಚಾಕಲೇಟು ಕೊಟ್ಟೆ.

ಸೋಮವಾರ ರಜೆ ಹಾಕಿ ಹರಿಹರದ ಬಸ್ಸು ಹತ್ತಿದೆ. ಅಮಾವಾಸ್ಯೆ, ಉಕ್ಕಡಗಾತ್ರಿಯ ಗುಡಿಗೆ ಹೋಗುವವರ ಗಂಟುಮೂಟೆಯ ನಡುವೆ ಒಂಟಿ ಕಾಲಲ್ಲಿ ನಿಂತೆ. ದಾರಿಯಲ್ಲಿ ಬಾತಿ ದಾಟುವಾಗ ಜೈತೂನ್‌ಬಿಗೆ ಕೇಳಬೇಕಾದ ಪ್ರಶ್ನೆಯನ್ನು ಮನಸ್ಸಿನಲ್ಲಿ ಮೂರು ಥರ ಹೇಳಿ ನೋಡಿದೆ. ಹರಿಹರದಲ್ಲಿ ಇಳಿಯುವಾಗ ಅಭ್ಯಾಸಬಲದಿಂದ ಚಾಲಕನಿಗೆ ಥ್ಯಾಂಕ್ಸ್ ಎಂದೆ. ಆತ ಗಾಬರಿಯಿಂದ ತಿರುಗಿದ. "ಯಾಕ್ರಿ ಅಕ್ಕಾರ, ಏನಾರ ಬಿಟ್ಟ್ರಾ?"

ಜೈತೂನ್‌ಬಿಯ ಮನೆಯ ಬಾಗಿಲು ತೆರೆದಿತ್ತು. ಊಟದ ಹೊತ್ತು. ಹೇಳದೆ ಬಂದಿದ್ದೆ. ಹೊಸ್ತಿಲಲ್ಲೇ ನಿಂತುಬಿಟ್ಟೆ.

ನೆಲದ ಮೇಲೆ ದಸ್ತರ್‌ಖಾನು. ನಡುವೆ ದೊಡ್ಡ ತಾಟು. ಅದರ ಸುತ್ತ ಶಾಹೀನ, ಅವಳ ಇಬ್ಬರು ಹೆಣ್ಣುಮಕ್ಕಳು, ಮತ್ತು ಜೈತೂನ್‌ಬಿ. ಗೋಡೆಗೆ ಆನಿಸಿದ ಗಾದಿ ಅವರ ಬೆನ್ನಿಗೆ. ಅವರ ಬಲಗೈ ತಾಟಿನಲ್ಲಿತ್ತು. ಮೊಣಕೈಯ ಕೆಳಗೆ ಶಾಹೀನಳ ಅಂಗೈ. ಮೂರು ಬೆರಳು ಅನ್ನವನ್ನು ಕೂಡಿಸುತ್ತಿದ್ದವು, ನಿಧಾನಕ್ಕೆ. ಚೆಲ್ಲಿದ್ದನ್ನು ಸಣ್ಣವಳು ಹೆಕ್ಕಿ ಅಜ್ಜಿಯ ಕಡೆಗೇ ಸರಿಸುತ್ತಿದ್ದಳು.

ನನ್ನನ್ನು ಮೊದಲು ನೋಡಿದ್ದು ಜೈತೂನ್‌ಬಿ. ಕೈಯನ್ನು ತಾಟಿನಿಂದ ಎಳೆದು ಸೆರಗಿನೊಳಗೆ ಬಚ್ಚಿಟ್ಟರು. ಸೆರಗಿಗೆ ಬೇಳೆ ಹತ್ತಿತು.

"ಚಮಚ ಇರ್ಲಿಲ್ಲಲ್ಲ ಮೇಡಂ," ಎಂದಳು ಶಾಹೀನ ಎದ್ದು ನಿಂತು. "ಅದಕ್ಕ."

"ಕೂಡ್ರು. ನೀನು ಕೂಡ್ರು." ಹೊಸ್ತಿಲಲ್ಲಿ ನಿಂತೇ ಕೇಳಿದೆ. "ಎಷ್ಟು ದಿನದಿಂದ?"

"ನೀವು ತಗಂಡು ಹೋದ ರಾತ್ರಿಯಿಂದಾನೇ. ಫೋನಿನ್ಯಾಗ ಹೇಳಬ್ಯಾಡ ಅಂದಿದ್ರು ಅತ್ತಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತೆ. "ಆಚೆ ಕೂತು ಉಣ್ರಿ ಅಂತ ಮನೆಯಲ್ಲಿ ಯಾರಾದರೂ ಹೇಳಿದ್ರಾ?"

"ಯಾರೂ ಅಂದಿಲ್ಲ," ಎಂದಳು ಶಾಹೀನ. "ಕಾಯ್ಲೆಯವ್ರಿಗೆ ಮಾಫಿ ಐತೆ, ಎಡಗೈ ಆದ್ರೂ ನಡೀತೈತೆ ಅಂತ ಮಸೀದಿ ಹಜರತ್ರೂ ಹೇಳಿದ್ರು. ಇವ್ರೇ ಕೇಳ್ಲಿಲ್ಲ."

"ಮಾಫಿ ದೊಡ್ಡವ್ರು ಕೊಡ್ತಾರೆ," ಎಂದರು ಜೈತೂನ್‌ಬಿ. "ಈ ಮಕ್ಳು ಉಣ್ಣೋ ತಾಟಿಗೆ ಆ ಕೈ ನಾನು ಹಾಕಂಗಿಲ್ಲ."

"ನನಗೆ ಯಾಕ ಹೇಳಲಿಲ್ಲ?"

ಜೈತೂನ್‌ಬಿ ಎಡಗೈಯಲ್ಲಿ ಸೆರಗಿನ ಬೇಳೆ ಒರೆಸಿದರು. "ಹೇಳಬೇಕು ಅಂತಾನೇ ಇದ್ದೆ ಬೇಟಿ. ನಾನು ಒಂದೊಂದು ತುತ್ತು ಬಾಯಿಗೆ ಇಟ್ಟಾಗ್ಲೂ ನೀವು ಅಷ್ಟು ಖುಷಿಯಾಗಿ ಬರ್ಕೊಂತಿದ್ರಿ."

ದೊಡ್ಡ ಮೊಮ್ಮಗಳು ನನ್ನ ಬ್ಯಾಗನ್ನೇ ನೋಡುತ್ತಿದ್ದಳು. ಜೈತೂನ್‌ಬಿಯೂ ಅದನ್ನು ನೋಡಿದರು.

"ಚಮಚ ತಂದ್ರಾ?" ಎಂದು ಕೇಳಿದರು. ಆಸ್ಪತ್ರೆಯ ವರದಿ ಬಂತಾ ಎಂದು ಕೇಳುವವರ ದನಿ.

ಕಳೆದುಹೋಯಿತು ಎನ್ನಬಹುದಿತ್ತು. ಆದರೆ ಆ ಪ್ರವಾಸದಲ್ಲಿ ನನ್ನ ಪಾಲಿನ ಸುಳ್ಳು ಮುಗಿದಿತ್ತು. "ತಂದೀನಿ. ಬ್ಯಾಡ ಅಂದ್ರೆ ವಾಪಸ್ ತಗಂಡು ಹೋಗ್ತೀನಿ." ನನ್ನ ಬಾಯಿಯಲ್ಲೂ ಅವರ ಮಾತೇ ಬಂತು.

"ಅಷ್ಟು ದೂರ ಹೋಗಿ ಬಂದೈತೆ, ವಾಪಸ್ ಯಾಕ?" ಅವರ ಮುಖ ಸಡಿಲಾಯಿತು. "ಶಾಹೀನ, ಉಪ್ಪಿನಕಾಯಿ ಜಾಡಿಗೆ ಹಾಕು. ಕತ್ತು ಬಾಗೈತೆ, ತಳದ ಹೋಳು ಚಲೋ ಸಿಗ್ತೈತೆ. ನೀವು ಉಣ್ರಿ, ಕೈ ತೊಳ್ಕಳ್ರಿ."

ಅವರು ಸೆರಗಿನಿಂದ ಕೈ ಹೊರಗೆ ತೆಗೆದರು. ಶಾಹೀನ ಅಂಗೈ ಒಡ್ಡುವ ಮುಂಚೆ, ಅವರನ್ನು ಕೇಳಿ, ನಾನು ಒಡ್ಡಿದೆ. ಮೊಣಕೈ ನಾನು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಅರ್ಧಕ್ಕಿಂತ ಹೆಚ್ಚು ಕೆಲಸ ಅವರೇ ಮಾಡುತ್ತಿದ್ದರು, ಉಳಿದದ್ದು ನನ್ನ ಅಂಗೈ. ಊಟ ಮುಗಿಯಲು ಐವತ್ತು ನಿಮಿಷ ಹಿಡಿಯಿತು. ಗಡಿಯಾರ ನೋಡಿದ್ದು ಅಭ್ಯಾಸದಿಂದ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ವಿಭಾಗಕ್ಕೆ ಹೋದೆ. ಕಾರಿಡಾರಿನ ಗೋಡೆಯಿಂದ ಪೋಸ್ಟರಿನ ನಾಲ್ಕು ಮೊಳೆ ಕಿತ್ತು ಸುರುಳಿ ಸುತ್ತಿದೆ. ಜೈತೂನ್‌ಬಿಯ ಕಡತ ತೆಗೆದು, ಊಟದ ಸಾಲಿನಲ್ಲಿದ್ದ ಆರನ್ನು ಒಂದೇ ಗೆರೆಯಲ್ಲಿ ಹೊಡೆದು ಮೂರು ಎಂದು ಬರೆದೆ. ಅಂಕ ಇಳಿದರೆ ಕಾರಣ ಬರೆಯಲೇಬೇಕು, ಅದಕ್ಕೆ ಒಂದು ಅಂಗುಲದ ಜಾಗ ಬಿಟ್ಟಿರುತ್ತಾರೆ. "ಮನೆಯವರ ತಾಟಿಗೆ ಮರಳಿದ್ದಾರೆ" ಎಂದು ಬರೆದು, ಸುರುಳಿಯನ್ನೂ ಕಡತವನ್ನೂ ಎತ್ತಿಕೊಂಡು ಹೋಗಿ ಮೇಡಂ ಕೋಣೆಯ ಬಾಗಿಲ ಮುಂದೆ ಅವರು ಬರುವವರೆಗೆ ನಿಂತೆ.